ರೆಗೆಕ್ಸ್ ಎಂಜಿನ್‌ನ ಬಗ್ ಸರಿಪಡಿಸುವುದು: ನನ್ನ ಅನುಭವ

ರೆಗೆಕ್ಸ್ ಎಂದರೆ ಪಠ್ಯದಲ್ಲಿ ಹುಡುಕಬೇಕಾದ ಮಾದರಿಯನ್ನು (ಪ್ಯಾಟರ್ನ್) ಬರೆಯುವ ಪುಟ್ಟ ಭಾಷೆ; ಅದರಂತೆ ಹುಡುಕುವುದು ಎಂಜಿನ್. ಪ್ರೋಗ್ರಾಮಿಂಗ್ ಭಾಷೆಯ ಜತೆಗೇ ಬರುವ ಸ್ಟ್ಯಾಂಡರ್ಡ್ ಲೈಬ್ರರಿಗೆ ಬರುವ ರೆಗೆಕ್ಸ್ ಬಗ್ ರಿಪೋರ್ಟ್‌ಗಳಲ್ಲಿ ಪ್ಯಾಟರ್ನ್ ಮಾರುದ್ದ ಇರುತ್ತದೆ. ಅದನ್ನು ಓದಿ ಅರ್ಥ ಮಾಡಿಕೊಳ್ಳುವ ಗೋಜಿಗೆ ನಾನು ಹೋಗುವುದಿಲ್ಲ. ಒಂದೊಂದೇ ತುಂಡು ಕಿತ್ತು ಓಡಿಸುತ್ತೇನೆ. ಉತ್ತರ ಇನ್ನೂ ತಪ್ಪಾಗಿಯೇ ಬಂದರೆ ಆ ತುಂಡು ಬೇಡ. ಕೊನೆಗೆ ಉಳಿಯುವುದು ಬೆರಳೆಣಿಕೆಯಷ್ಟು ಅಕ್ಷರ.

ಆಮೇಲೆ ತಪ್ಪು ಯಾವ ಹಂತದ್ದು ಎಂದು ಹುಡುಕಬೇಕು: ಪ್ಯಾಟರ್ನ್ ಓದುವ ಪಾರ್ಸರ್, ಅದನ್ನು ಎಂಜಿನ್‌ನ ಒಳಕೋಡ್ ಆಗಿಸುವ ಕಂಪೈಲರ್, ವೇಗ ಹೆಚ್ಚಿಸುವ ಆಪ್ಟಿಮೈಸೇಶನ್, ಆ ಕೋಡನ್ನು ಪಠ್ಯದ ಮೇಲೆ ಓಡಿಸುವ ಮ್ಯಾಚರ್. ಕಂಪೈಲ್ ಆದ ಕೋಡ್ ಪ್ರಿಂಟ್ ಮಾಡಿ ನೋಡಿ. ಪೈಥಾನ್‌ನಲ್ಲಿ ಡೀಬಗ್ ಫ್ಲ್ಯಾಗ್ ಕೊಟ್ಟರೆ ಅದು ಸಿಗುತ್ತದೆ. ಗೋ ಭಾಷೆಯ ಲೈಬ್ರರಿಯಲ್ಲಿರುವಂತೆ ಒನ್‌ಪಾಸ್ (ಯಾವ ಕವಲು ಹಿಡಿಯಬೇಕೆಂಬ ಗೊಂದಲವೇ ಇಲ್ಲದ ಪ್ಯಾಟರ್ನ್‌ಗೆ), ಬ್ಯಾಕ್‌ಟ್ರ್ಯಾಕರ್ (ಒಂದು ದಾರಿ ಸೋತರೆ ಹಿಂದೆ ಬಂದು ಇನ್ನೊಂದು ಹಿಡಿಯುವುದು), ಎನ್‌ಎಫ್‌ಎ (ಎಲ್ಲ ದಾರಿಗಳನ್ನೂ ಒಟ್ಟಿಗೆ ನಡೆಸುವುದು) ಹೀಗೆ ಹಲವು ಮ್ಯಾಚರ್ ಇದ್ದರೆ, ಆ ಪ್ಯಾಟರ್ನ್ ಒಗ್ಗುವ ಎಲ್ಲದರಲ್ಲೂ ಓಡಿಸಿ. ಉತ್ತರಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಮ್ಯಾಚರ್ ಕೆಟ್ಟಿದೆ. ಎಲ್ಲವೂ ಒಂದೇ ತಪ್ಪು ಹೇಳಿದರೆ ಕಂಪೈಲರ್ ಕಡೆ ನೋಡಿ.

ಅತಿ ಹೆಚ್ಚು ಕಾಡುವುದು ಲೂಪ್ ಒಳಗಿನ ಖಾಲಿ ಮ್ಯಾಚ್. ಈ ಪ್ಯಾಟರ್ನ್ ಅನ್ನು "ಅಅ" ಮೇಲೆ ಓಡಿಸಿ:

(|ಅ)*

ಇಲ್ಲಿ | ಎಂದರೆ "ಇಲ್ಲವೇ", ಕೊನೆಯ ನಕ್ಷತ್ರ ಎಂದರೆ ಸೊನ್ನೆ ಅಥವಾ ಹೆಚ್ಚು ಸಲ. ಪರ್ಲ್ ಭಾಷೆಯ ನಿಯಮದಂತೆ ಎಡಗಡೆಯ ಖಾಲಿ ಆಯ್ಕೆಗೆ ಆದ್ಯತೆ, ಖಾಲಿ ಸುತ್ತು ಆದೊಡನೆ ಲೂಪ್ ಮುಗಿಯುತ್ತದೆ. ಹಾಗಾಗಿ ಬರಬೇಕಾದ್ದು ಖಾಲಿ ಸ್ಟ್ರಿಂಗ್. ನಕ್ಷತ್ರವನ್ನು ಸರಳ ಲೂಪ್ ಆಗಿ ಕಂಪೈಲ್ ಮಾಡುವ ಎನ್‌ಎಫ್‌ಎ ಎಂಜಿನ್ ಮಾತ್ರ "ಅಅ" ಪೂರ್ತಿ ನುಂಗುತ್ತದೆ. ಲೂಪ್‌ನ ತಲೆಯಲ್ಲಿ "ಒಳಗೆ, ಇಲ್ಲವೇ ಹೊರಗೆ" ಎಂಬ ಕವಲಿದೆ. ಒಳಹೊಕ್ಕ ಥ್ರೆಡ್ (ಎಂಜಿನ್ ನಡೆಸುತ್ತಿರುವ ಒಂದು ದಾರಿ) ಖಾಲಿ ಆಯ್ಕೆ ಹಿಡಿದು ಅದೇ ಕವಲಿಗೆ ಮರಳುತ್ತದೆ. ಈ ಸ್ಥಾನದಲ್ಲಿ ಆ ಕವಲನ್ನು ಆಗಲೇ ನೋಡಿಯಾಗಿರುವುದರಿಂದ ಥ್ರೆಡ್ ಅಲ್ಲೇ ಸಾಯುತ್ತದೆ. ಮುಂದಿನ ಸರದಿ "ಅ" ಆಯ್ಕೆಯದು. ಹೊರಹೋಗುವ ದಾರಿ ಅದರ ಹಿಂದೆ ಬೀಳುತ್ತದೆ.

"ನೋಡಿಯಾಗಿದೆ" ಎಂಬ ಗುರುತನ್ನು ಸಡಿಲಿಸೋಣ ಅನ್ನಿಸುತ್ತದೆ. ಬೇಡ, ಎಂಜಿನ್ ಕೊನೆಯಿಲ್ಲದೆ ಸುತ್ತುತ್ತದೆ. ಒಳಭಾಗ ಖಾಲಿಗೂ ಹೊಂದುವಂತಿದ್ದಾಗ ಮಾತ್ರ ಕಂಪೈಲರ್ ನಕ್ಷತ್ರವನ್ನು ಹೀಗೆ ಬಿಡಿಸಬೇಕು:

(?:(|ಅ)+)?

+ ಎಂದರೆ ಒಂದು ಅಥವಾ ಹೆಚ್ಚು ಸಲ, ಕೊನೆಯ ? ಎಂದರೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಈಗ ಒಳಹೋಗುವ ಕವಲು ಬೇರೆ, ಸುತ್ತು ಮುಗಿದ ಮೇಲಿನ ಕವಲು ಬೇರೆ. ಖಾಲಿ ಥ್ರೆಡ್ ಎರಡನೆಯದರ ಮೂಲಕ "ಅ" ಗಿಂತ ಮೊದಲೇ ಹೊರಬೀಳುತ್ತದೆ. ಗೋ ಲೈಬ್ರರಿ ಮಾಡುವುದೂ ಇದನ್ನೇ. ಹೊರಗಿನ ಗ್ರೂಪ್ (ಆವರಣ) ಕ್ಯಾಪ್ಚರ್ ಮಾಡಬಾರದು, ಅಂದರೆ ತನಗೆ ಸಿಕ್ಕ ಪಠ್ಯವನ್ನು ಸಂಖ್ಯೆ ಹಚ್ಚಿ ನೆನಪಿಡಬಾರದು (?: ಇರುವುದು ಅದಕ್ಕೇ), ಇಲ್ಲದಿದ್ದರೆ ಗ್ರೂಪ್ ಸಂಖ್ಯೆಗಳೆಲ್ಲ ಒಂದೊಂದು ಸ್ಥಾನ ಸರಿಯುತ್ತವೆ.

ಬ್ಯಾಕ್‌ಟ್ರ್ಯಾಕಿಂಗ್ ಎಂಜಿನ್‌ನ ರೋಗವೇ ಬೇರೆ. (?:(ಅ)ಕ|ಅಗ) ಅನ್ನು "ಅಗ" ಮೇಲೆ ಓಡಿಸಿದರೆ ಮೊದಲ ಕವಲು ಗ್ರೂಪ್ 1 ತುಂಬಿಸಿ ಆಮೇಲೆ ಸೋಲುತ್ತದೆ. ಹಿಂದೆ ಬರುವಾಗ ಆ ಗ್ರೂಪ್ ಅಳಿಸದಿದ್ದರೆ ಮ್ಯಾಚ್ ಸರಿ, ಗ್ರೂಪ್ ಸುಳ್ಳು. ಬರೀ ಮ್ಯಾಚ್ ಆಯಿತೇ ಎಂದು ಕೇಳುವ ಟೆಸ್ಟ್ ಇದನ್ನು ಹಿಡಿಯಲಾರದು. ಪ್ರತಿ ಗ್ರೂಪಿನ ಆರಂಭ, ಅಂತ್ಯ ಎರಡನ್ನೂ ಹೋಲಿಸಬೇಕು.

ಕನಿಷ್ಠ ಉದ್ದದ ಲೆಕ್ಕ ಹಾಕಿ ಚಿಕ್ಕ ಪಠ್ಯವನ್ನು ಬೇಗ ತಳ್ಳಿಹಾಕುವ ಆಪ್ಟಿಮೈಸೇಶನ್ ಮೇಲೂ ಕಣ್ಣಿರಲಿ. ಯೂನಿಕೋಡ್‌ನ ಕೆಲ್ವಿನ್ ಚಿಹ್ನೆ ಯೂಟಿಎಫ್-8 ಎಂಬ ಬೈಟ್ ರೂಪದಲ್ಲಿ 3 ಬೈಟ್. ದೊಡ್ಡಕ್ಷರ-ಸಣ್ಣಕ್ಷರ ಭೇದ ಬಿಟ್ಟಾಗ ಅದು 1 ಬೈಟ್‌ನ ಇಂಗ್ಲಿಷ್ ಕೆ ಅಕ್ಷರಕ್ಕೂ ಹೊಂದಬೇಕು. ಪ್ಯಾಟರ್ನ್‌ನ ಬೈಟ್ ಎಣಿಸಿ "ಕನಿಷ್ಠ 3" ಎಂದುಕೊಂಡರೆ ಸರಿಯಾದ ಪಠ್ಯವೇ ಬಾಗಿಲಲ್ಲೇ ವಾಪಸ್.

ಟೆಸ್ಟ್‌ಗೆ ಎರಡು ಅಕ್ಷರ, ಖಾಲಿ ಆಯ್ಕೆ, ಎಲ್ಲ ಆಪರೇಟರ್ ಸೇರಿಸಿ ಚಿಕ್ಕ ಪ್ಯಾಟರ್ನ್‌ಗಳನ್ನು ಯಂತ್ರದಿಂದಲೇ ಹುಟ್ಟಿಸಿ, ಇನ್ನೊಂದು ಎಂಜಿನ್‌ನ ಉತ್ತರದ ಜತೆ ಹೋಲಿಸುತ್ತೇನೆ. ವ್ಯತ್ಯಾಸ ಸಿಕ್ಕಿದ ಮಾತ್ರಕ್ಕೆ ಅದು ಬಗ್ ಅಲ್ಲ. (?:(ಅ)|ಕ)* ಅನ್ನು "ಅಕ" ಮೇಲೆ ಓಡಿಸಿದರೆ ಪೈಥಾನ್ ಗ್ರೂಪ್ 1 ರಲ್ಲಿ "ಅ" ಉಳಿಸಿಕೊಳ್ಳುತ್ತದೆ. ಜಾವಾಸ್ಕ್ರಿಪ್ಟ್ ಪ್ರತಿ ಸುತ್ತಿಗೂ ಅಳಿಸುತ್ತದೆ, ಅದರ ನಿಯಮವೇ ಹಾಗೆ.

ಬಗ್ ನಿಜವಾದರೂ ಹಳೆಯ ಉತ್ತರವನ್ನು ನಂಬಿದ ಕೋಡ್ ಇದ್ದೇ ಇರುತ್ತದೆ. ಪೈಥಾನ್ 3.7 ರಲ್ಲಿ ಬದಲಿ ಹಾಕುವ ನಡವಳಿಕೆ ಬದಲಾಯಿತು. ಅ* ಬದಲಿಗೆ ಅಡ್ಡಗೆರೆ ಹಾಕಿದರೆ "ಕಖಅಗ" ಮೊದಲು "-ಕ-ಖ-ಗ-" ಆಗುತ್ತಿತ್ತು, ಈಗ "-ಕ-ಖ--ಗ-". ಗೋ ಇಂದಿಗೂ ಮೊದಲಿನ ರೂಪವನ್ನೇ ಕೊಡುತ್ತದೆ. ಇಂಥ ಬದಲಾವಣೆಯನ್ನು ನಾನು ಪ್ಯಾಚ್ ಬಿಡುಗಡೆಗೆ ಹಾಕುವುದಿಲ್ಲ. ಮುಂದಿನ ಮುಖ್ಯ ಆವೃತ್ತಿಗೆ ತಳ್ಳಿ, ಹಳೆಯ ಮತ್ತು ಹೊಸ ಉತ್ತರ ಎರಡನ್ನೂ ಬಿಡುಗಡೆ ಟಿಪ್ಪಣಿಯಲ್ಲಿ ಅಕ್ಕಪಕ್ಕ ಬರೆಯುತ್ತೇನೆ.