ಪಂಪ್ ನಿಂತರೆ ಆಮೇಲೇನು? ನರ್ಸಿಂಗ್ ಪರೀಕ್ಷೆಗೆ ಜೀವಕೋಶವನ್ನು ಓದುವ ಬಗೆ

ರಕ್ತದ ಸ್ಯಾಂಪಲ್ ಲ್ಯಾಬ್‌ಗೆ ಹೋಗಿದೆ. ರಿಪೋರ್ಟಿನಲ್ಲಿ ಪೊಟ್ಯಾಸಿಯಂ 6.8, ಇರಬೇಕಾದ್ದಕ್ಕಿಂತ ತುಂಬ ಜಾಸ್ತಿ. ರೋಗಿ ನೋಡಿದರೆ ಆರಾಮಾಗಿ ಕೂತು ಮಾತಾಡುತ್ತಿದ್ದಾರೆ, ಇಸಿಜಿಯಲ್ಲೂ ಏರುಪೇರಿಲ್ಲ. ಅಷ್ಟರಲ್ಲಿ ಲ್ಯಾಬಿನಿಂದ ಫೋನ್: "ಸ್ಯಾಂಪಲ್ ಹೀಮೊಲೈಸ್ ಆಗಿದೆ ಸಿಸ್ಟರ್, ಇನ್ನೊಂದು ಕಳಿಸಿ." ತಿಳಿ ಹಳದಿ ಇರಬೇಕಾದ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ, ಕೆಂಪಗಾಗಿದೆ.

ಸಣ್ಣ ಸೂಜಿಯಲ್ಲಿ ಸಿರಿಂಜನ್ನು ಜೋರಾಗಿ ಎಳೆದಾಗ ಕೆಂಪು ರಕ್ತಕಣಗಳು ಒಡೆದಿವೆ. ಅವುಗಳ ಒಳಗಿದ್ದ ಪೊಟ್ಯಾಸಿಯಂ ಹೊರಗೆ ಚೆಲ್ಲಿದೆ. ಏರಿದ್ದು ಟ್ಯೂಬಿನ ಪೊಟ್ಯಾಸಿಯಂ, ರೋಗಿಯದ್ದು ಎಷ್ಟಿದೆ ಅಂತ ಹೊಸ ಸ್ಯಾಂಪಲ್ಲೇ ಹೇಳಬೇಕು. ಪೊಟ್ಯಾಸಿಯಂ ಹೆಚ್ಚಾಗಿ ಇರುವುದು ಜೀವಕೋಶದ ಒಳಗೆ ಅನ್ನುವ ಒಂದೇ ಸಂಗತಿ ಗಟ್ಟಿಯಾಗಿ ಗೊತ್ತಿದ್ದರೆ ಇಷ್ಟೆಲ್ಲ ತಾನಾಗಿ ಹೊಳೆಯುತ್ತದೆ.

ಮೊದಲ ವರ್ಷ ನಾನು ಮೈಟೊಕಾಂಡ್ರಿಯಾ, ರೈಬೋಸೋಮ್, ಲೈಸೊಸೋಮ್ ಅಂತ ಕೋಶದ ಭಾಗಗಳನ್ನು ಪಟ್ಟಿ ಮಾಡಿ ಬಾಯಿಪಾಠ ಹೊಡೆದಿದ್ದೆ. ಅಂಕವೂ ಬಂತು. ಮುಂದೆ ಶಾಕ್ (ರಕ್ತದ ಹರಿವು ಕುಸಿದು ಅಂಗಗಳಿಗೆ ಆಕ್ಸಿಜನ್ ಸಾಲದ ಸ್ಥಿತಿ) ಪಾಠ ಶುರುವಾದಾಗ ಆ ಪಟ್ಟಿ ಒಂದು ಸಾಲಿಗೂ ಒದಗಲಿಲ್ಲ. ಯಾವುದರಿಂದ ಯಾವುದು ಆಗುತ್ತದೆ ಅನ್ನುವ ಕೊಂಡಿ ಅದರಲ್ಲಿ ಇರಲೇ ಇಲ್ಲ. ಕೆಳಗಿನ ಕ್ರಮ ಆ ಕೊಂಡಿ ಕಟ್ಟುವುದಕ್ಕೇ ಇರುವುದು.

ಒಂದು: ಖಾಲಿ ಹಾಳೆಯಲ್ಲಿ ಒಂದು ದುಂಡು

ಪುಸ್ತಕ ತೆರೆಯುವ ಮೊದಲು ಹಾಳೆಯ ನಡುವೆ ಒಂದು ದುಂಡು ಬರೆಯಿರಿ. ಇದೇ ಜೀವಕೋಶ. ಒಳಗೆ "ಪೊಟ್ಯಾಸಿಯಂ, ಸುಮಾರು 140" ಅಂತ ಬರೆಯಿರಿ. ಹೊರಗೆ "ಸೋಡಿಯಂ 135–145, ಪೊಟ್ಯಾಸಿಯಂ 3.5–5". ಎಲ್ಲವೂ ಲೀಟರಿಗೆ ಇಷ್ಟು ಮಿಲಿ ಈಕ್ವಿವಲೆಂಟ್ ಅನ್ನುವ ಲೆಕ್ಕ. ಒಳಗೂ ಹೊರಗೂ ಎಷ್ಟು ಅಂತರ ಇದೆ ನೋಡಿ. ಸುಮ್ನೆ ಬಿಟ್ಟರೆ ಈ ಅಂತರ ಉಳಿಯುವುದಿಲ್ಲ. ಸೋಡಿಯಂ ಒಳಗೆ ಸೋರುತ್ತದೆ, ಪೊಟ್ಯಾಸಿಯಂ ಹೊರಗೆ ಸೋರುತ್ತದೆ.

ಅದನ್ನು ತಡೆಯಲು ಕೋಶದ ಪೊರೆಯಲ್ಲಿ ಪಂಪ್ ಇದೆ. ಒಂದು ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಖರ್ಚು ಮಾಡಿ 3 ಸೋಡಿಯಂ ಹೊರಗೆ ದಬ್ಬುತ್ತದೆ, 2 ಪೊಟ್ಯಾಸಿಯಂ ಒಳಗೆ ಎಳೆದುಕೊಳ್ಳುತ್ತದೆ. ಹಗಲು ರಾತ್ರಿ ಇದೇ ಕೆಲಸ. ಡೆನ್ಮಾರ್ಕಿನ ಯೆನ್ಸ್ ಸ್ಕೌ ಈ ಪಂಪಿನ ಕಿಣ್ವವನ್ನು ಏಡಿಯ ನರದಲ್ಲಿ ಕಂಡುಕೊಂಡು 1957ರಲ್ಲಿ ಪ್ರಕಟಿಸಿದರು. ಅದಕ್ಕೆ ನೊಬೆಲ್ ಬಂದದ್ದು 1997ರಲ್ಲಿ. ಪರೀಕ್ಷೆಗೆ ಇದು ಬರಲಿಕ್ಕಿಲ್ಲ. ಆದರೂ ಒಂದು ಪಂಪಿಗೆ ಅಷ್ಟು ಬೆಲೆ ಯಾಕೆ ಅಂತ ಒಮ್ಮೆ ಯೋಚಿಸಿದರೆ ಪಾಠದ ಮೇಲೆ ಪ್ರೀತಿ ಹುಟ್ಟುತ್ತದೆ.

ಎರಡು: ಆಕ್ಸಿಜನ್ ನಿಲ್ಲಿಸಿ, "ಆಮೇಲೆ?" ಅಂತ ಕೇಳುತ್ತಾ ಹೋಗಿ

ಇಡೀ ಓದಿನ ಜೀವಾಳ ಇಲ್ಲಿದೆ. ಈ ಹೆಜ್ಜೆಗೆ ಒಂದು ಪೂರ್ತಿ ಸಂಜೆ ಕೊಡಿ. ಪ್ರತಿ "ಆಮೇಲೆ?"ಯ ಉತ್ತರವನ್ನು ಅದೇ ಹಾಳೆಯಲ್ಲಿ ಬರೆದು ಬಾಣ ಹಾಕಿ ಜೋಡಿಸುತ್ತಾ ಹೋಗಿ.

ಹೃದಯದ ಒಂದು ರಕ್ತನಾಳ ಕಟ್ಟಿಕೊಂಡಿತು ಅಂದುಕೊಳ್ಳಿ. ಆ ಭಾಗದ ಕೋಶಗಳಿಗೆ ಆಕ್ಸಿಜನ್ ಇಲ್ಲ. ಆಮೇಲೆ? ಆಕ್ಸಿಜನ್ ಬಳಸಿ ಎಟಿಪಿ ತಯಾರಿಸುವ ಮೈಟೊಕಾಂಡ್ರಿಯಾ ಕೆಲಸ ನಿಲ್ಲಿಸುತ್ತದೆ. ಆಕ್ಸಿಜನ್ ಇದ್ದಾಗ ಒಂದು ಗ್ಲೂಕೋಸಿನಿಂದ ಸುಮಾರು 30 ಎಟಿಪಿ ಸಿಗುತ್ತಿತ್ತು, ಈಗ ಸಿಗುವುದು ಬರೀ 2. ಆಮೇಲೆ? ಲ್ಯಾಕ್ಟಿಕ್ ಆಸಿಡ್ ಸೇರುತ್ತಾ ಹೋಗಿ ಕೋಶದ ಒಳಗೆ ಪಿಎಚ್ ಇಳಿಯುತ್ತದೆ, ಅಂದರೆ ಆಮ್ಲ ಹೆಚ್ಚುತ್ತದೆ. ಎಟಿಪಿ ಸಾಲದೆ ಪಂಪ್ ನಿಧಾನವಾಗುತ್ತದೆ. ಆಮೇಲೆ? ಸೋಡಿಯಂ ಒಳಗೇ ಉಳಿಯುತ್ತದೆ, ಅದರ ಹಿಂದೆ ನೀರೂ ಬರುತ್ತದೆ, ಕೋಶ ಊದಿಕೊಳ್ಳುತ್ತದೆ. ಪೊಟ್ಯಾಸಿಯಂ ಹೊರಗೆ ಸೋರುತ್ತದೆ.

ಇಲ್ಲಿ ಪೆನ್ನು ಕೆಳಗಿಡಿ. ಇಷ್ಟರ ತನಕ ಆದ ಹಾನಿ ವಾಪಸ್ ಸರಿಹೋಗಬಲ್ಲದು. ರಕ್ತ ಮತ್ತೆ ಹರಿದರೆ ಕೋಶ ಬದುಕುತ್ತದೆ. ಹೊತ್ತು ಮೀರಿದರೆ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಕಿಣ್ವಗಳು ಎಚ್ಚರಗೊಂಡು ಕೋಶವನ್ನೇ ತಿನ್ನುತ್ತವೆ, ಪೊರೆ ಹರಿಯುತ್ತದೆ, ಒಳಗಿದ್ದದ್ದೆಲ್ಲ ರಕ್ತಕ್ಕೆ ಬರುತ್ತದೆ. ಹೃದಯದ ಸ್ನಾಯುವಿಗೆ ರಕ್ತ ಪೂರ್ತಿ ನಿಂತರೆ ಸುಮಾರು 20ರಿಂದ 40 ನಿಮಿಷದಲ್ಲಿ ಈ ಗೆರೆ ದಾಟುತ್ತದೆ. ಮಿದುಳಿಗೆ ಕೆಲವೇ ನಿಮಿಷ ಸಾಕು. ಎದೆನೋವು ಅಂತ ಬಂದವರಿಗೆ ಇಷ್ಟೊಂದು ಅವಸರ ಯಾಕೆ ಅಂತ ಈಗ ಅರ್ಥವಾಯಿತು, ಅಲ್ವಾ?

ಮೂರು: ಪ್ರತಿ ಬಾಣಕ್ಕೂ ಹಾಸಿಗೆ ಪಕ್ಕದ ಒಂದು ಗುರುತು

ಈಗ ಅದೇ ಹಾಳೆಯಲ್ಲಿ ಬೇರೆ ಬಣ್ಣದ ಪೆನ್ನು ಹಿಡಿಯಿರಿ. ಪ್ರತಿ ಹಂತದ ಪಕ್ಕ, ನರ್ಸ್ ಕಣ್ಣಿಗೆ ಏನು ಕಾಣುತ್ತದೆ ಅಂತ ಬರೆಯಿರಿ. ಪೊರೆ ಹರಿದರೆ ರಕ್ತದಲ್ಲಿ ಟ್ರೋಪೋನಿನ್ (ಹೃದಯದ ಸ್ನಾಯುವಿನ ಒಳಗಿನ ಪ್ರೋಟೀನ್) ಏರುತ್ತದೆ. ಶಾಕ್‌ನಂತೆ ಇಡೀ ಮೈಗೇ ಆಕ್ಸಿಜನ್ ಸಾಲದೆ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಸಿಡ್ ರಕ್ತದಲ್ಲಿ ಇರುವ ರೂಪ) ಜಾಸ್ತಿಯಾದರೆ ಉಸಿರಾಟ ವೇಗವಾಗುತ್ತದೆ, ಕಾರ್ಬನ್ ಡೈಆಕ್ಸೈಡ್ ಹೊರಹಾಕಿ ಆಮ್ಲ ಇಳಿಸಲು ಮೈ ಹೆಣಗುತ್ತಿದೆ ಅಂತ ಅರ್ಥ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಇಸಿಜಿಯಲ್ಲಿ ಟಿ ಅಲೆ ಚೂಪಾಗಿ ಎದ್ದು ನಿಲ್ಲುತ್ತದೆ. ಮಿದುಳಿನ ಕೋಶಗಳು ಊದಿದರೆ ರೋಗಿ ಮಂಕಾಗುತ್ತಾರೆ, ಮಾತು ತೊದಲಬಹುದು.

ಈ ಎರಡನೇ ಬಣ್ಣದ ಸಾಲುಗಳೇ ಪರೀಕ್ಷೆಯ ಪ್ರಶ್ನೆಗಳು. ಮೊದಲ ಬಣ್ಣದವು ಉತ್ತರದ ಕಾರಣಗಳು.

ನಾಲ್ಕು: ನೀರಿನ ಓಡಾಟ ಬಿಡಬೇಡಿ

ಉಪ್ಪು ಎಲ್ಲಿ ಜಾಸ್ತಿಯೋ ನೀರು ಆ ಕಡೆ ಹೋಗುತ್ತದೆ. 0.9% ಸಲೈನ್ ಕೊಟ್ಟರೆ ಕೋಶದ ಗಾತ್ರ ಬದಲಾಗುವುದಿಲ್ಲ. 0.45% ಕೊಟ್ಟರೆ ನೀರು ಕೋಶದ ಒಳಗೆ ಹೋಗುತ್ತದೆ. 3% ಕೊಟ್ಟರೆ ಕೋಶದಿಂದ ಹೊರಗೆ ಬರುತ್ತದೆ, ಹಾಗಾಗಿ ಊದಿದ ಮಿದುಳಿಗೆ ಅದು ಉಪಯೋಗಕ್ಕೆ ಬರುತ್ತದೆ.

ತುಂಬ ಜನ ಎಡವುವುದು 5% ಡೆಕ್ಸ್‌ಟ್ರೋಸ್‌ನಲ್ಲಿ. ಬಾಟಲಿಯಲ್ಲಿ ಇರುವಾಗ ಅದು ಐಸೊಟಾನಿಕ್, ಅಂದರೆ ಅದರ ಸಾಂದ್ರತೆ ರಕ್ತದಷ್ಟೇ. ಮೈಗೆ ಹೋದ ಮೇಲೆ ಗ್ಲೂಕೋಸನ್ನು ಕೋಶಗಳು ಬಳಸಿಕೊಳ್ಳುತ್ತವೆ, ಉಳಿಯುವುದು ಬರೀ ನೀರು. ಆ ನೀರು ಕೋಶದೊಳಗೆ ಸೇರುತ್ತದೆ. ತಲೆಗೆ ಪೆಟ್ಟಾದವರಿಗೆ ಸಾಮಾನ್ಯವಾಗಿ ಅದನ್ನು ಹಾಕದೇ ಇರುವುದು ಇದಕ್ಕೇ.

ಕಾಲು ಊದಿಕೊಳ್ಳುವ ಬಗ್ಗೆಯೂ ಒಂದು ಮಾತು. ರಕ್ತನಾಳದಲ್ಲಿ ಒತ್ತಡ ಏರಿತೋ, ನೀರನ್ನು ರಕ್ತನಾಳದೊಳಗೆ ಹಿಡಿದಿಡುವ ಆಲ್ಬುಮಿನ್ ಪ್ರೋಟೀನ್ ಇಳಿಯಿತೋ, ನಾಳದ ಗೋಡೆ ಸೋರುತ್ತಿದೆಯೋ, ದುಗ್ಧನಾಳ (ಲಿಂಫ್ ನಾಳ) ಕಟ್ಟಿದೆಯೋ? ಯಾವ ಬಾವು ಕಂಡರೂ ಈ ನಾಲ್ಕು ಕೇಳಿಕೊಳ್ಳಿ.

ಐದು: ಕೋಶ ಬದಲಾಗುವ ಬಗೆಗಳ ಹೆಸರುಗಳನ್ನು ಒಬ್ಬೊಬ್ಬ ರೋಗಿಗೆ ಕಟ್ಟಿ

ಹೈಪರ್‌ಟ್ರೋಫಿ ಅಂದರೆ ಬಿಪಿ ಜಾಸ್ತಿ ಇರುವವರ ಹೃದಯ, ಕೋಶದ ಗಾತ್ರ ಹೆಚ್ಚಿದೆ. ಹೈಪರ್‌ಪ್ಲೇಸಿಯಾ ಅಂದರೆ ವಯಸ್ಸಾದವರ ಪ್ರಾಸ್ಟೇಟ್, ಕೋಶಗಳ ಸಂಖ್ಯೆ ಹೆಚ್ಚಿದೆ. ಅಟ್ರೋಫಿ ಅಂದರೆ ಪ್ಲಾಸ್ಟರ್ ಬಿಚ್ಚಿದಾಗ ಸೊರಗಿದ ಕಾಲು. ಮೆಟಾಪ್ಲೇಸಿಯಾ ಅಂದರೆ ಸಿಗರೇಟು ಸೇದುವವರ ಶ್ವಾಸನಾಳ: ಕಫ ಗುಡಿಸುವ ಸೂಕ್ಷ್ಮ ರೋಮಗಳಿದ್ದ ಕೋಶ ಹೋಗಿ, ರೋಮವಿಲ್ಲದ ಚಪ್ಪಟೆ ಕೋಶ ಬಂದಿದೆ. ಕಫ ಕಟ್ಟಿಕೊಂಡು ಸೋಂಕು ಮತ್ತೆ ಮತ್ತೆ ಬರುತ್ತದೆ. ಇಷ್ಟು ಸಾಕು.

ಆರು: ಪುಸ್ತಕ ಮುಚ್ಚಿ ಹೇಳಿ

ಮತ್ತೆ ಮತ್ತೆ ಓದಿದರೆ ಬಂತು ಅನ್ನಿಸುತ್ತದೆ, ಬಂದಿರುವುದಿಲ್ಲ. ಮಾರನೇ ದಿನ ಹೊಸ ಹಾಳೆಯಲ್ಲಿ, ಏನೂ ನೋಡದೆ, ಆ ಸರಪಳಿ ಬರೆಯಿರಿ. ಮೂರು ದಿನ ಬಿಟ್ಟು ಇನ್ನೊಮ್ಮೆ, ವಾರದ ಮೇಲೆ ಮತ್ತೊಮ್ಮೆ. ಯಾವ "ಆಮೇಲೆ?" ಹತ್ತಿರ ನಿಂತಿರೋ ಅಲ್ಲಿ ಕೆಂಪು ಚುಕ್ಕೆ ಇಡಿ. ಮುಂದಿನ ಸಲ ಪುಸ್ತಕ ತೆರೆಯುವುದು ಆ ಚುಕ್ಕೆಗೆ ಮಾತ್ರ. ರೂಮ್‌ಮೇಟ್ ಎದುರು ಕೂತು ಎರಡು ನಿಮಿಷ ಜೋರಾಗಿ ಹೇಳಿದರೆ ಇನ್ನೂ ಒಳ್ಳೆಯದು.

ಏಳು: ಪರೀಕ್ಷೆಯಲ್ಲಿ

ಪ್ರಶ್ನೆ ಹೀಗಿರಬಹುದು: ಡಯಾಬಿಟಿಕ್ ಕೀಟೋಆಸಿಡೋಸಿಸ್ (ಇನ್ಸುಲಿನ್ ಸಾಲದೆ ಸಕ್ಕರೆ ಏರಿ ರಕ್ತದಲ್ಲಿ ಆಮ್ಲ ಸೇರುವ ಸ್ಥಿತಿ) ರೋಗಿಗೆ ಇನ್ಸುಲಿನ್ ಡ್ರಿಪ್ ಶುರುವಾಗಿದೆ, ಸಕ್ಕರೆ ಜೊತೆಗೆ ಯಾವುದರ ಮೇಲೆ ಕಣ್ಣಿಡುತ್ತೀರಿ? ಆಯ್ಕೆಗಳನ್ನು ನೋಡುವ ಮೊದಲು ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಆ ದುಂಡು ಬರೆಯಿರಿ. ಇನ್ಸುಲಿನ್ ಗ್ಲೂಕೋಸನ್ನು ಕೋಶದೊಳಗೆ ಬಿಡುತ್ತದೆ, ಪೊಟ್ಯಾಸಿಯಂ ಅನ್ನೂ ಒಳಗೆ ತಳ್ಳುತ್ತದೆ. ಮೂತ್ರದಲ್ಲಿ ಪೊಟ್ಯಾಸಿಯಂ ಆಗಲೇ ತುಂಬ ಹೋಗಿರುತ್ತದೆ. ಮೊದಲ ರಿಪೋರ್ಟಿನಲ್ಲಿ ಸರಿ ಕಂಡರೂ ಇನ್ನು ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಅದು ಇಳಿಯುತ್ತದೆ, ಹೃದಯದ ಬಡಿತ ತಪ್ಪಬಹುದು. ಉತ್ತರ ಪೊಟ್ಯಾಸಿಯಂ, ಮಾನಿಟರಿನಲ್ಲಿ ಇಸಿಜಿ. ದೊಡ್ಡ ಉತ್ತರ ಬರೆಯಬೇಕಿದ್ದರೆ ಈ ಸಾಲುಗಳನ್ನೇ ಇದೇ ಕ್ರಮದಲ್ಲಿ ಬರೆದು, ಪಕ್ಕದಲ್ಲಿ ಬಾಣ ಹಾಕಿದ ಚಿತ್ರವನ್ನೂ ಕೊಡಿ.