ಮಕ್ಕಳ ಕೈಗೆ ಕಲ್ಲು ಕೊಡಿ, ಹೆಸರು ಆಮೇಲೆ ಹೇಳಿ

ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ ಅಂತ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದ ಮೇಲೆ ಮರೆತೂಬಿಡುತ್ತಾರೆ. ತಪ್ಪು ಅವರದಲ್ಲ. ಹೆಸರು ಮೊದಲೇ ಬಂತು, ಕಲ್ಲು ಕೈಗೆ ಬರಲೇ ಇಲ್ಲ. ನಮ್ಮ ಮನೆಯಲ್ಲಿ ನಾನು ಇದನ್ನು ತಿರುವುಮುರುವು ಮಾಡಿ ನೋಡಿದೆ. ಎಂಟು-ಹತ್ತು ವರ್ಷದ ಮಕ್ಕಳಿಗೆ ಚೆನ್ನಾಗಿ ಹಿಡಿಸುತ್ತದೆ. ಒಂದು ವಾರ ಬೇಕು, ದುಡ್ಡು ಜಾಸ್ತಿ ಬೇಡ.

ಮೊದಲ ದಿನ ಮನೆಯಲ್ಲೇ ಕಲ್ಲು ಹುಡುಕಿಸಿ. ಒರಳು, ಬಟ್ಟೆ ಒಗೆಯುವ ಕಲ್ಲು, ಅಡುಗೆ ಕಟ್ಟೆ, ಹಳೇ ಮನೆಯಾದರೆ ಶಹಾಬಾದ್ ಕಲ್ಲಿನ ನೆಲ, ಕರಾವಳಿಯ ಕಡೆಯಾದರೆ ಮುರಕಲ್ಲಿನ ಗೋಡೆ. ಕೈಗೊಂದು ಭೂತಗನ್ನಡಿ ಕೊಡಿ. ಕಲ್ಲಿನ ಮೇಲೆ ನೀರು ಚಿಮುಕಿಸಿ, ಒದ್ದೆಯಾದರೆ ಬಣ್ಣ ಎದ್ದು ಕಾಣುತ್ತದೆ. ನಮ್ಮ ಮಗಳು ಒಗೆಯುವ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತವಳು ಅರ್ಧ ಗಂಟೆ ಏಳಲಿಲ್ಲ. "ಅಪ್ಪಾ, ಇದು ಒಂದು ಕಲ್ಲಲ್ಲ, ತುಂಬಾ ಕಲ್ಲು ಅಂಟ್ಕೊಂಡಿದೆ" ಅಂದಳು. ಸರಿಯಾಗೇ ನೋಡಿದ್ದಳು! ಗಾಜಿನ ಹಾಗೆ ಕಾಣುವ ಕಾಳು ಬೆಣಚುಕಲ್ಲು, ಬಿಳಿ ಅಥವಾ ನಸುಗೆಂಪಿನದು ಫೆಲ್ಡ್‌ಸ್ಪಾರ್, ಮಿಣಮಿಣ ಅನ್ನುವ ಚೂರು ಕಾಗೆಬಂಗಾರ. ಮೂರೂ ಒಂದರೊಳಗೊಂದು ಹೆಣೆದುಕೊಂಡರೆ ಗ್ರಾನೈಟ್. (ಅಂಗಡಿಯವರು ಬ್ಲ್ಯಾಕ್ ಗ್ರಾನೈಟ್ ಅಂತ ಮಾರುವುದರಲ್ಲಿ ಎಷ್ಟೋ ಕಲ್ಲು ನಿಜಕ್ಕೂ ಡಾಲರೈಟ್. ಅದೂ ಕರಗಿದ ಶಿಲಾಪಾಕ ಆರಿ ಆದದ್ದೇ, ಆದರೆ ಗ್ರಾನೈಟ್ ಅಲ್ಲ.)

ಈ ಕಾಳುಗಳು ಇಷ್ಟು ದಪ್ಪ ಯಾಕೆ? ಉತ್ತರ ಅಡುಗೆಮನೆಯಲ್ಲಿದೆ. ಮೂರು ಲೋಟ ಸಕ್ಕರೆಗೆ ಒಂದು ಲೋಟ ನೀರು ಹಾಕಿ ಕಾಯಿಸಿ ಕರಗಿಸಿ. ಒಲೆಯ ಕೆಲಸ ದೊಡ್ಡವರದು, ಬಿಸಿ ಪಾಕ ಕೈಗೆ ಬಿದ್ದರೆ ಬೊಬ್ಬೆ ಏಳುತ್ತದೆ. ಅರ್ಧ ಪಾಕವನ್ನು ಗಾಜಿನ ಲೋಟಕ್ಕೆ ಹಾಕಿ, ಸಕ್ಕರೆ ಮೆತ್ತಿ ಒಣಗಿಸಿದ ದಾರವನ್ನು ಅದರೊಳಗೆ ಇಳಿಬಿಟ್ಟು, ಒಂದು ವಾರ ಯಾರೂ ಅಲುಗಾಡಿಸದ ಮೂಲೆಯಲ್ಲಿಡಿ. ಉಳಿದ ಅರ್ಧವನ್ನು ಹೊಂಬಣ್ಣ ಬರುವವರೆಗೆ ಕಾಯಿಸಿ ತುಪ್ಪ ಸವರಿದ ತಟ್ಟೆಗೆ ಸುರಿಯಿರಿ. ತಟ್ಟೆಯದು ಸ್ವಲ್ಪ ಹೊತ್ತಿಗೆ ಗಾಜಿನ ಹಾಗೆ ಗಟ್ಟಿಯಾಗುತ್ತದೆ, ಕಾಳೇ ಇಲ್ಲ. ದಾರಕ್ಕೆ ನಿಧಾನವಾಗಿ ಕಲ್ಲುಸಕ್ಕರೆ ಕಟ್ಟುತ್ತದೆ. ಸಕ್ಕರೆ ನೀರಿನಿಂದ ಹರಳಾಗುತ್ತದೆ, ಕಲ್ಲು ಕರಗಿದ ಶಿಲಾಪಾಕದಿಂದ. ಈ ವ್ಯತ್ಯಾಸವನ್ನು ಮಕ್ಕಳಿಗೆ ಮುಚ್ಚಿಡದೆ ಹೇಳಿ. ಆದರೆ ಪುರುಸೊತ್ತು ಸಿಕ್ಕರೆ ಹರಳು ದೊಡ್ಡದಾಗುತ್ತದೆ ಅನ್ನುವುದು ಎರಡಕ್ಕೂ ಸಲ್ಲುತ್ತದೆ. ರಾಮನಗರದ ಗ್ರಾನೈಟ್ ನೆಲದಾಳದಲ್ಲಿ ನಿಧಾನವಾಗಿ ಆರಿದ್ದು. ಬೀದರ್, ವಿಜಯಪುರದ ಕಡೆಯ ಕರಿಕಲ್ಲು ಬಸಾಲ್ಟ್, ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲದ ಮೇಲೆ ಹರಿದು ಬೇಗ ಆರಿದ ಲಾವಾ. ಅದಕ್ಕೇ ಅದರ ಕಾಳು ಬರಿಗಣ್ಣಿಗೆ ಕಾಣುವುದೇ ಕಷ್ಟ. ಅಲ್ಲಿನ ಎರೆಮಣ್ಣು ಅದೇ ಕಲ್ಲು ಸವೆದು ಆದದ್ದು. ಆ ಕಡೆಯ ಮಕ್ಕಳಿಗೆ ಇದನ್ನು ಹೊಲದಲ್ಲೇ ನಿಂತು ಹೇಳಬಹುದು.

ಸಕ್ಕರೆ ಕಟ್ಟುವ ವಾರದಲ್ಲೇ ಇನ್ನೊಂದು ಕೆಲಸ. ದೊಡ್ಡ ಬಾಟಲಿಗೆ ಒಂದೊಂದು ಹಿಡಿ ಸಣ್ಣ ಜಲ್ಲಿ, ಮರಳು, ಜೇಡಿಮಣ್ಣು ಹಾಕಿ, ನೀರು ತುಂಬಿ, ಜೋರಾಗಿ ಕುಲುಕಿ ಇಡಿ. ಜಲ್ಲಿ ಆಗಲೇ ತಳ ಸೇರುತ್ತದೆ, ಹಿಂದೆಯೇ ಮರಳು. ಜೇಡಿ ಕೂರಲು ಮರುದಿನ ಬೆಳಗಾಗಬೇಕು. ಹೊಳೆ, ಕೆರೆ, ಸಮುದ್ರದ ತಳದಲ್ಲಿ ಪದರ ಕೂರುವುದೂ ಹೀಗೇ. ಅದು ಕಲ್ಲಾಗಬೇಕಾದರೆ ಮೇಲಿನ ಭಾರ ಬೇಕು, ಕಾಳುಗಳ ನಡುವೆ ಅಂಟೂ ಬೇಕು. ಪೇಪರ್ ಕಪ್ಪಿನಲ್ಲಿ ಮರಳಿಗೆ ಫೆವಿಕಾಲ್ ನೀರು ಹಾಕಿ ನಾಲ್ಕು ದಿನ ಒಣಗಿಸಿ ಕಪ್ ಹರಿದರೆ ಮಕ್ಕಳ ಕೈಯಲ್ಲೊಂದು ಮರಳುಗಲ್ಲು! ಬಾದಾಮಿಯ ಗುಹೆಗಳನ್ನು ಕೊರೆದದ್ದು ಇಂಥ ಮರಳುಗಲ್ಲಿನಲ್ಲೇ, ಅದರ ಕೆಂಪು ಕಬ್ಬಿಣದ ಅಂಶದ್ದು.

ಶಹಾಬಾದ್ ಕಲ್ಲಿನ ಒಡೆದ ಚೂರು ಸಿಕ್ಕರೆ ಬಿಡಬೇಡಿ. ಮೊಳೆಯಿಂದ ಕೆರೆದು ಸ್ವಲ್ಪ ಪುಡಿ ಎಬ್ಬಿಸಿ, ಅದರ ಮೇಲೆ ನಿಂಬೆಹಣ್ಣು ಹಿಂಡಿ. ಕಣ್ಣು ಹತ್ತಿರ ತಂದರೆ ಸಣ್ಣ ಸಣ್ಣ ಗುಳ್ಳೆ, ಕಿವಿ ತಂದರೆ ಸುಯ್ ಅನ್ನುವ ಸದ್ದು. ಅದು ಸುಣ್ಣದಕಲ್ಲು, ಹುಳಿ ತಾಗಿ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತಿದೆ. ಒರಳಿನ ಮೇಲೆ ಹಿಂಡಿದರೆ ಏನೂ ಆಗುವುದಿಲ್ಲ, ಅದನ್ನೂ ಮಾಡಿಸಿ. ಮನೆಯ ನೆಲದ ಮೇಲೆ ಮಾತ್ರ ಬೇಡ, ಹೊಳಪು ಹೋಗಿ ಕಲೆ ಉಳಿಯುತ್ತದೆ.

ಶಿಲಾಪಾಕ ಆರಿ ಆದ ಕಲ್ಲು ಅಗ್ನಿಶಿಲೆ, ಪದರ ಕೂತು ಆದದ್ದು ಕಣಶಿಲೆ. ಇನ್ನು ಮೂರನೆಯ ಬಗೆ. ರಾಗಿ ಹಿಟ್ಟು, ಗೋಧಿ ಹಿಟ್ಟು ಬೇರೆ ಬೇರೆ ಕಲಸಿ, ಚೂರು ಚೂರು ಮಾಡಿ ಬೆರೆಸಿ ಒಂದೇ ಉಂಡೆ ಕಟ್ಟಿ. ಮಣೆಯಿಂದ ಚೆನ್ನಾಗಿ ಒತ್ತಿ ಚಾಕುವಿನಿಂದ ನಡುವೆ ಕೊಯ್ಯಿರಿ. ದುಂಡಗಿದ್ದ ಚೂರುಗಳು ಕಪ್ಪು-ಬಿಳಿ ಪಟ್ಟೆಗಳಾಗಿರುತ್ತವೆ. ಅದನ್ನೇ ತಟ್ಟಿ ಹೆಂಚಿಗೆ ಹಾಕಿ. ಕರಗಲಿಲ್ಲ, ಆದರೂ ಮೊದಲಿನ ಹಿಟ್ಟಲ್ಲ, ಅಲ್ವಾ? ಒತ್ತಡಕ್ಕೂ ಕಾವಿಗೂ ಸಿಕ್ಕ ಕಲ್ಲು ಪೂರ್ತಿ ಕರಗದೆಯೇ ಹೀಗೆ ಬೇರೆ ಕಲ್ಲಾಗುತ್ತದೆ.

ಈಗ ಲಾಲ್‌ಬಾಗ್‌ಗೆ ಕರೆದುಕೊಂಡು ಹೋಗಿ. ಕೆಂಪೇಗೌಡರ ಗೋಪುರದ ಕೆಳಗಿನ ಬಂಡೆ ಸುಮಾರು 300 ಕೋಟಿ ವರ್ಷದ್ದು, ಹೆಸರು ಪೆನಿನ್ಸುಲರ್ ನೈಸ್ (ನೈಸ್ ಅಂದರೆ ಪಟ್ಟೆ ಪಟ್ಟೆಯ ಕಲ್ಲು). ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬೆಳಗಿನ ಓರೆ ಬಿಸಿಲಲ್ಲಿ ಹೋದರೆ ಪಟ್ಟೆಗಳು ಚೆನ್ನಾಗಿ ಕಾಣುತ್ತವೆ. ಮಕ್ಕಳು ಬಗ್ಗಿ ಬೆರಳಿಟ್ಟು ಪಟ್ಟೆಯ ಜಾಡು ಹಿಡಿಯಲಿ, ಆತುರ ಮಾಡಬೇಡಿ. ಸುತ್ತಿಗೆ, ಮೊಳೆ ಮನೆಯಲ್ಲೇ ಇರಲಿ, ಅಲ್ಲಿಂದ ಚೂರೂ ತರುವಂತಿಲ್ಲ. ನಮ್ಮವಳು ಅಲ್ಲೇ ಅಂಗೈ ಊರಿಕೊಂಡು "ರಾಗಿ-ಗೋಧಿ ರೊಟ್ಟಿ" ಅಂದಳು. ಆಗ ಹೇಳಿದೆ, ಇದಕ್ಕೆ ರೂಪಾಂತರ ಶಿಲೆ ಅನ್ನುತ್ತಾರೆ ಅಂತ.

ದಾರಿಯಲ್ಲಿ ಸಿಕ್ಕ ಕಲ್ಲುಗಳಿಗೆ ಹಳೇ ಮೊಟ್ಟೆ ಟ್ರೇ ಸಾಕು. ಪ್ರತಿ ಕಲ್ಲಿಗೂ ಒಂದು ಚೀಟಿ, ಅದರಲ್ಲಿ ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು ಅಂತ ಮಗುವಿನ ಕೈಬರಹದಲ್ಲೇ ಇರಲಿ. ಹೆಸರಿನ ಜಾಗ ಖಾಲಿ ಬಿಡಿಸಿ, ಗೊತ್ತಾದ ದಿನ ಅವರೇ ತುಂಬುತ್ತಾರೆ.