ಬಿಸಿಲಿಗೆ ಬಾಡಿದ ಮುಖಕ್ಕೆ ಜೇನು ಹಚ್ಚುವುದು ಹೇಗೆ?

ಕೊಡಗಿನಲ್ಲಿ ಚಳಿ ಇದೆ, ಬಿಸಿಲು ಏನು ಮಾಡುತ್ತದೆ ಅನ್ನುವವರೇ ಜಾಸ್ತಿ. ಆದರೆ ಮಡಿಕೇರಿ ಸಾವಿರ ಮೀಟರಿಗೂ ಎತ್ತರದಲ್ಲಿದೆ. ಪ್ರತಿ 1000 ಮೀಟರ್ ಎತ್ತರಕ್ಕೆ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಚರ್ಮವನ್ನು ಬಿಗಿಯಾಗಿಡುವ ಕೊಲಾಜೆನ್ ಎಂಬ ಪ್ರೋಟೀನ್ ಬೇಗ ಒಡೆಯಲು ಇದು ದೊಡ್ಡ ಕಾರಣ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಇಡೀ ದಿನ ಕಣದಲ್ಲಿ ನಿಲ್ಲುವವರ ಕೆನ್ನೆ, ಕತ್ತಿನಲ್ಲಿ ಸುಕ್ಕು ಬೇಗ ಕಾಣಿಸುತ್ತದೆ.

ಜೇನಿನಲ್ಲಿರುವ ಫ್ರಕ್ಟೋಸ್, ಗ್ಲೂಕೋಸ್ ಸಕ್ಕರೆಗಳು ನೀರನ್ನು ಹಿಡಿದಿಡುತ್ತವೆ. ಒಣಗಿದ ಚರ್ಮ ಮೆದುವಾಗುತ್ತದೆ, ಸಣ್ಣ ಗೆರೆಗಳು ಅಷ್ಟಾಗಿ ಕಾಣುವುದಿಲ್ಲ. ಬಿಸಿಲನ್ನು ಮಾತ್ರ ಜೇನು ತಡೆಯುವುದಿಲ್ಲ. ಅದಕ್ಕೆ ಅಗಲ ಟೋಪಿ ಬೇಕು, ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) 30ರ ಸನ್‌ಸ್ಕ್ರೀನ್ ಬೇಕು, ಅದನ್ನು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಜೇನು ಸಂಜೆಯ ಕೆಲಸ.

ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ಕಾಯಿರಿ. ತುರಿಕೆ ಬಂದರೆ ಬಿಟ್ಟುಬಿಡಿ.

ಜೇನು ಗಟ್ಟಿಯಾಗಿದ್ದರೆ ಕಲಬೆರಕೆ ಅಂತ ಎಸೆಯಬೇಡಿ, ಒಳ್ಳೆ ಜೇನೂ ಹರಳುಗಟ್ಟುತ್ತದೆ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಡಿ, ಸಾಕು. ನೀರಿಗೆ ಹನಿ ಬಿಟ್ಟು ಶುದ್ಧವೋ ಅಲ್ಲವೋ ಅಂತ ನೋಡುವ ಪರೀಕ್ಷೆ ನಂಬಬೇಡಿ, ಗಟ್ಟಿ ಸಕ್ಕರೆ ಪಾಕವೂ ಹಾಗೇ ತಳಕ್ಕೆ ಹೋಗುತ್ತದೆ. ಜೇನುಗೂಡು ಇಟ್ಟವರ ಮನೆಯಿಂದಲೇ ತರುವುದು ಒಳ್ಳೆಯದು.

ಎಲ್ಲರೂ ತಪ್ಪುವುದು ಹಚ್ಚುವಾಗ. ಒಣ ಮುಖಕ್ಕೆ ಹಚ್ಚುತ್ತಾರೆ, ಎಳೆದು ತಿಕ್ಕುತ್ತಾರೆ, ಬಿಗಿಯುವವರೆಗೆ ಬಿಡುತ್ತಾರೆ. ಹಾಗಲ್ಲ. ಮುಖ ತಣ್ಣೀರಲ್ಲಿ ತೊಳೆದು, ಒರೆಸದೆ ತೇವ ಹಾಗೇ ಬಿಡಿ. ಒಂದು ಚಮಚ ಜೇನಿಗೆ ನಾಲ್ಕೈದು ಹನಿ ನೀರು ಬೆರೆಸಿ, ಬೆರಳ ತುದಿಯಿಂದ ಒತ್ತಿ ಒತ್ತಿ ತೆಳ್ಳಗೆ ಹಚ್ಚಿ. ಕಣ್ಣಿನ ಸುತ್ತ ಬೇಡ. ಕತ್ತನ್ನು ಮರೆಯಬೇಡಿ. ಜನವರಿಯ ಒಣಗಾಳಿಗೆ ಬೇಗ ಬಿಗಿಯುತ್ತದೆ, ಆಗ ಒದ್ದೆ ಕೈಯಿಂದ ಮತ್ತೆ ತಟ್ಟಿ. ಹದಿನೈದು ನಿಮಿಷ ಸಾಕು.

ನಿಂಬೆರಸ ಖಂಡಿತ ಸೇರಿಸಬೇಡಿ. ಅದು ಚರ್ಮದ ಮೇಲೆ ಉಳಿದು ಬಿಸಿಲು ತಾಗಿದರೆ ಸುಟ್ಟಂತೆ ಗುಳ್ಳೆ ಏಳುತ್ತದೆ, ಕಪ್ಪು ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಸಕ್ಕರೆ ಹರಳಿನಿಂದ ಉಜ್ಜುವುದೂ ಬೇಡ, ಬಿಸಿಲಿಗೆ ನೊಂದ ಚರ್ಮ ಗೀರುತ್ತದೆ. ಜೇನಿನ ಸೋಪಿಗೆ ಸುಮ್ನೆ ದುಡ್ಡು ಹಾಕಬೇಡಿ, ಹಚ್ಚಿದ್ದೆಲ್ಲ ನೀರಿನ ಜೊತೆಗೇ ಹೋಗುತ್ತದೆ ಅಲ್ವಾ?

ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಮುಖ ಇನ್ನೂ ತೇವವಿರುವಾಗಲೇ ಕ್ರೀಮ್ ಹಚ್ಚಿ, ಇಲ್ಲದಿದ್ದರೆ ಹಿಡಿದ ನೀರು ಆರಿಹೋಗುತ್ತದೆ. ವಾರಕ್ಕೆ ಎರಡು ಸಲ ಮಾಡಿ. ಬಿಸಿಲಿಗೆ ಚರ್ಮ ಸುಟ್ಟು ಗುಳ್ಳೆ ಎದ್ದಿದ್ದರೆ ಜೇನು ಬೇಡ. ತಣ್ಣೀರ ಬಟ್ಟೆ ಇಟ್ಟು ವೈದ್ಯರಿಗೆ ತೋರಿಸಿ.